ಸಂಖ್ಯಾಶಾಸ್ತ್ರದಲ್ಲಿ ಪಿಎಚ್.ಡಿ.: ಎಲ್ಲೆಲ್ಲಿಗೆ ಅರ್ಜಿ ಹಾಕುವುದು?

ಎಂ.ಎಸ್ಸಿ. ಮುಗಿಸುವ ಹೊತ್ತಿಗೆ ಅಮೆರಿಕದಲ್ಲಿ ಪಿಎಚ್.ಡಿ. ಮಾಡುವ ಆಸೆ ಹುಟ್ಟಿದ ವಿದ್ಯಾರ್ಥಿಗಳು ಬಹುಪಾಲು ಒಂದೇ ದಾರಿ ಹಿಡಿಯುತ್ತಾರೆ. ರ‍್ಯಾಂಕಿಂಗ್ ಪಟ್ಟಿ ತೆರೆದು ಮೇಲಿನ ಇಪ್ಪತ್ತು ಹೆಸರು ಬರೆದುಕೊಳ್ಳುತ್ತಾರೆ. ಕೈಯಲ್ಲಿರುವ ದುಡ್ಡಿಗೆ ಎಷ್ಟಾಗುತ್ತದೋ ಅಷ್ಟು ಅರ್ಜಿ ತುಂಬುತ್ತಾರೆ. ಮಾರ್ಚ್ ಬರುವಷ್ಟರಲ್ಲಿ ಎಲ್ಲ ಕಡೆಯಿಂದಲೂ ಇಲ್ಲ ಎಂಬ ಉತ್ತರ ಬಂದರೆ ತಮ್ಮಲ್ಲೇ ಏನೋ ಕೊರತೆ ಇದೆ ಎಂದು ಕುಗ್ಗಿಹೋಗುತ್ತಾರೆ. ಎಷ್ಟೋ ಸಲ ಕೊರತೆ ಇರುವುದು ಅವರ ಪಟ್ಟಿಯಲ್ಲಿ. ಪಟ್ಟಿ ಶುರುವಾಗಬೇಕಾದದ್ದು ನಿಮ್ಮ ಅಂಕಪಟ್ಟಿಯಿಂದ, ಆಮೇಲೆ ನೀವು ಐದು ವರ್ಷ ತಲೆಕೆಡಿಸಿಕೊಳ್ಳಲು ಸಿದ್ಧರಿರುವ ಪ್ರಶ್ನೆಯಿಂದ. ರ‍್ಯಾಂಕಿಂಗ್ ನೋಡುವ ಸರದಿ ಎಲ್ಲಕ್ಕಿಂತ ಕೊನೆಗೆ ಬರಲಿ.

ಮೈಸೂರು, ಧಾರವಾಡ, ಬೆಂಗಳೂರು, ಮಂಗಳೂರಿನ ಸಂಖ್ಯಾಶಾಸ್ತ್ರ ವಿಭಾಗಗಳಲ್ಲಿ ಓದುತ್ತಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಅಮೆರಿಕದ ಮಾತೇ ಹೆಚ್ಚು ಬರುತ್ತದೆ. ಈ ವಿಷಯಕ್ಕೆ ಅಷ್ಟೊಂದು ವಿಭಾಗಗಳು, ಅಷ್ಟೊಂದು ಹಣಸಹಾಯ ಬೇರೆ ದೇಶದಲ್ಲಿ ಒಂದೆಡೆ ಸಿಗುವುದು ಕಡಿಮೆ. ಅರ್ಜಿಯ ಕೊನೆ ದಿನಾಂಕ ಹೆಚ್ಚಿನ ಕಡೆ ಡಿಸೆಂಬರ್‌ನಲ್ಲಿ ಬೀಳುತ್ತದೆ. ಕೆಲಸ ಜೂನ್‌ನಲ್ಲೇ ಶುರುವಾಗಲಿ.

ಹಂತ 1: ಅಂಕಪಟ್ಟಿ ಮುಂದಿಟ್ಟುಕೊಂಡು ಕೂರಿ

ಪ್ರವೇಶ ಸಮಿತಿಯವರು ನಿಮ್ಮ ಒಟ್ಟು ಶೇಕಡಾವಾರು ಅಂಕಕ್ಕಿಂತ ಗಣಿತದ ಪತ್ರಿಕೆಗಳನ್ನು ಹುಡುಕಿ ನೋಡುತ್ತಾರೆ. ಬಹುಚರ ಕಲನಶಾಸ್ತ್ರ, ಲೀನಿಯರ್ ಆಲ್ಜೀಬ್ರಾ, ರಿಯಲ್ ಅನಾಲಿಸಿಸ್, ಸಂಭವನೀಯತೆ. ಇವುಗಳಲ್ಲಿ ರಿಯಲ್ ಅನಾಲಿಸಿಸ್‌ಗೆ ತೂಕ ಜಾಸ್ತಿ. ಪಿಎಚ್.ಡಿ.ಯ ಮೊದಲ ಎರಡು ವರ್ಷ ಬರುವ ಸಿದ್ಧಾಂತದ ಕೋರ್ಸುಗಳು ಪ್ರಮೇಯ ಮತ್ತು ಸಾಧನೆಯ ಮೇಲೇ ನಿಂತಿವೆ. ಲೆಕ್ಕ ಮಾಡಲು ಬರುವವರೆಲ್ಲರಿಗೂ ಸಾಧನೆ ಬರೆಯಲು ಬರುವುದಿಲ್ಲವೆಂದು ಸಮಿತಿಯವರು ಅನುಭವದಿಂದ ಬಲ್ಲರು. ಮೆಷರ್ ಥಿಯರಿ ಓದಿದ್ದರೆ ಒಳ್ಳೆಯದು, ಓದದಿದ್ದರೆ ಬಾಗಿಲು ಮುಚ್ಚುವುದಿಲ್ಲ.

ನಿಮ್ಮನ್ನು ನೀವೇ ಅಳೆದುಕೊಳ್ಳಲು ಒಂದು ಉಪಾಯವಿದೆ. ನಮ್ಮಲ್ಲಿ ಬಿ.ಎಸ್ಸಿ. ಓದಿದವರೆಲ್ಲರ ಕೈಯಲ್ಲೂ ಗುಪ್ತಾ–ಕಪೂರ್ ಪುಸ್ತಕ ಓಡಾಡಿರುತ್ತದೆ. ಅದನ್ನು ಬದಿಗಿಟ್ಟು ಕ್ಯಾಸೆಲ್ಲಾ–ಬರ್ಗರ್ ಅವರ ಸ್ಟ್ಯಾಟಿಸ್ಟಿಕಲ್ ಇನ್‌ಫರೆನ್ಸ್ ಪುಸ್ತಕದ ಅಭ್ಯಾಸಗಳನ್ನೂ ರೂಡಿನ್ ಅವರ ಅನಾಲಿಸಿಸ್ ಪುಸ್ತಕದ ಮೊದಲ ಏಳು ಅಧ್ಯಾಯಗಳನ್ನೂ ಕೈಗೆತ್ತಿಕೊಳ್ಳಿ. ಉತ್ತರ ನೋಡದೆ ಅರ್ಧದಷ್ಟನ್ನಾದರೂ ಬಿಡಿಸಲು ಬಂದರೆ ಸಿದ್ಧಾಂತಕ್ಕೆ ಒತ್ತು ಕೊಡುವ ವಿಭಾಗಗಳನ್ನೂ ಧೈರ್ಯವಾಗಿ ಪಟ್ಟಿಗೆ ಸೇರಿಸಬಹುದು. ರೂಡಿನ್ ಕಷ್ಟವಾಗಿ ಕ್ಯಾಸೆಲ್ಲಾ–ಬರ್ಗರ್ ಸಲೀಸಾದರೆ ನಿಮ್ಮ ಪಟ್ಟಿಯಲ್ಲಿ ಅನ್ವಯದ ಕಡೆ ವಾಲಿದ ವಿಭಾಗಗಳು ಹೆಚ್ಚಿರಲಿ. ಎರಡೂ ಕಷ್ಟವಾದರೆ ಒಂದು ವರ್ಷ ನಿಲ್ಲಿ. ಎನ್‌ಪಿಟಿಇಎಲ್‌ನಲ್ಲಿ ರಿಯಲ್ ಅನಾಲಿಸಿಸ್ ಕೋರ್ಸುಗಳಿವೆ. ಮೇಲ್ವಿಚಾರಣೆಯ ಪರೀಕ್ಷೆ ಬರೆದರೆ ಪ್ರಮಾಣಪತ್ರವೂ ಸಿಗುತ್ತದೆ. ಒಂದು ವರ್ಷ ತಡವಾದದ್ದರಿಂದ ಯಾರ ಬದುಕೂ ಕೆಡುವುದಿಲ್ಲ. ಪಿಎಚ್.ಡಿ.ಗೆ ಸೇರಿದ ಮೇಲೆ ಬರುವ ಅರ್ಹತಾ ಪರೀಕ್ಷೆಯಲ್ಲಿ ಸೋತು ಎರಡನೇ ವರ್ಷಕ್ಕೇ ಊರಿಗೆ ಹಿಂತಿರುಗುವ ನೋವು ಅದಕ್ಕಿಂತ ಬಹಳ ದೊಡ್ಡದು.

ಇನ್ನೊಂದು ಮಾತು. ನಮ್ಮ ಕೆಲವು ಅಂಕಪಟ್ಟಿಗಳಲ್ಲಿ ‘ಗಣಿತ, ಪತ್ರಿಕೆ 5’ ಎಂದಷ್ಟೇ ಅಚ್ಚಾಗಿರುತ್ತದೆ. ಅದರೊಳಗೆ ಏನಿತ್ತೆಂದು ಹೊರದೇಶದ ಪ್ರಾಧ್ಯಾಪಕರಿಗೆ ಹೇಗೆ ತಿಳಿಯಬೇಕು? ಯಾವ ಪತ್ರಿಕೆಯಲ್ಲಿ ಯಾವ ಪಾಠಗಳು, ಯಾವ ಪುಸ್ತಕ, ಎಷ್ಟು ಅಂಕ ಎಂದು ಒಂದೂವರೆ ಪುಟದ ಪಟ್ಟಿ ಈಗಲೇ ಮಾಡಿಡಿ. ಅನೇಕ ಅರ್ಜಿಗಳಲ್ಲಿ ಇದನ್ನು ಲಗತ್ತಿಸಲು ಜಾಗವಿರುತ್ತದೆ. ಹೆಸರು ಅಷ್ಟಾಗಿ ಕೇಳದ ಕಾಲೇಜಿನಿಂದ ಬಂದವರಿಗೆ ಈ ಒಂದೂವರೆ ಪುಟ ತುಂಬ ಸಹಾಯ ಮಾಡುತ್ತದೆ.

ಮೂರು ವರ್ಷದ ಬಿ.ಎಸ್ಸಿ. ಮಾತ್ರ ಆಗಿದ್ದರೆ ಅದನ್ನು ಕೆಲವು ವಿಶ್ವವಿದ್ಯಾಲಯಗಳು ಒಪ್ಪುವುದಿಲ್ಲ. ಎಂ.ಎಸ್ಸಿ. ಆಗಿದ್ದರೆ ಆ ತೊಡಕಿಲ್ಲ.

ಹಂತ 2: ಸಂಖ್ಯಾಶಾಸ್ತ್ರವೋ, ಬಯೋಸ್ಟ್ಯಾಟಿಸ್ಟಿಕ್ಸೋ?

ಈ ಪ್ರಶ್ನೆಗೆ ಸಮಯ ಕೊಡಿ. ಎರಡರಲ್ಲೂ ಓದುವ ಗಣಿತ ಹೆಚ್ಚುಕಡಿಮೆ ಒಂದೇ. ಆದರೆ ಮನೆ ಬೇರೆ. ಸಂಖ್ಯಾಶಾಸ್ತ್ರ ವಿಭಾಗ ಸಾಮಾನ್ಯವಾಗಿ ವಿಜ್ಞಾನ ಕಾಲೇಜಿನಲ್ಲಿ, ಗಣಿತ ವಿಭಾಗದ ಪಕ್ಕದಲ್ಲಿರುತ್ತದೆ. ಬಯೋಸ್ಟ್ಯಾಟಿಸ್ಟಿಕ್ಸ್ ಸಾರ್ವಜನಿಕ ಆರೋಗ್ಯ ಶಾಲೆಯಲ್ಲೋ ವೈದ್ಯಕೀಯ ಕಾಲೇಜಿನಲ್ಲೋ ಇರುತ್ತದೆ. ಮಗ್ಗುಲಲ್ಲೇ ಆಸ್ಪತ್ರೆ, ಎಪಿಡೆಮಿಯಾಲಜಿ ವಿಭಾಗ, ಕ್ಯಾನ್ಸರ್ ಸಂಶೋಧನಾ ಕೇಂದ್ರ. ಜಾನ್ಸ್ ಹಾಪ್ಕಿನ್ಸ್‌ನಲ್ಲಿ 1918ರಷ್ಟು ಹಿಂದೆಯೇ ಇಂಥ ವಿಭಾಗ ಶುರುವಾಯಿತು. ಒಬ್ಬನೇ ರೋಗಿಯನ್ನು ಮತ್ತೆ ಮತ್ತೆ ಅಳೆದಾಗ ಸಿಗುವ ದತ್ತಾಂಶವನ್ನು ವಿಶ್ಲೇಷಿಸಲು ಇಂದು ಎಲ್ಲೆಡೆ ಬಳಸುವ ಜಿಇಇ ವಿಧಾನವನ್ನು ಲಿಯಾಂಗ್ ಮತ್ತು ಝೀಗರ್ 1986ರಲ್ಲಿ ಅಲ್ಲಿಂದಲೇ ಪ್ರಕಟಿಸಿದರು. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಬಯೋಸ್ಟ್ಯಾಟಿಸ್ಟಿಕ್ಸ್ ವಿಭಾಗಕ್ಕೆ ಅದೇ ಊರಿನ ಫ್ರೆಡ್ ಹಚ್ ಕ್ಯಾನ್ಸರ್ ಕೇಂದ್ರದ ಜೊತೆ ಗಟ್ಟಿ ನಂಟಿದೆ. ಮಹಿಳೆಯರ ಆರೋಗ್ಯದ ಬಗ್ಗೆ ನಡೆದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಎಂಬ ದೊಡ್ಡ ಅಧ್ಯಯನದ ದತ್ತಾಂಶ ಸಮನ್ವಯ ಕೇಂದ್ರ ಇರುವುದು ಫ್ರೆಡ್ ಹಚ್‌ನಲ್ಲಿ. ಇಂಥ ಕಡೆ ಓದುವವರಿಗೆ ಸಮಸ್ಯೆಗಳು ಪುಸ್ತಕದಿಂದ ಬರುವುದಿಲ್ಲ, ವೈದ್ಯರ ಮೇಜಿನಿಂದ ಬರುತ್ತವೆ.

ಯಾರಿಗೆ ಯಾವುದು? ಪ್ರಮೇಯವೊಂದನ್ನು ಸಾಧಿಸಿದಾಗ ಸಿಗುವ ಸಂತೋಷವೇ ನಿಮಗೆ ಮುಖ್ಯವಾಗಿದ್ದರೆ, ದತ್ತಾಂಶ ಯಾವ ಕ್ಷೇತ್ರದ್ದಾದರೂ ಪರವಾಗಿಲ್ಲ ಎನ್ನುವಂತಿದ್ದರೆ, ಸಂಖ್ಯಾಶಾಸ್ತ್ರ. ಒಂದು ಔಷಧಿ ನಿಜಕ್ಕೂ ಕೆಲಸ ಮಾಡಿತೇ, ಅರ್ಧಕ್ಕೇ ಅಧ್ಯಯನ ಬಿಟ್ಟುಹೋದ ರೋಗಿಗಳನ್ನು ಲೆಕ್ಕದಲ್ಲಿ ಹೇಗೆ ಹಿಡಿಯುವುದು ಎಂಬ ಪ್ರಶ್ನೆ ನಿದ್ದೆ ಕೆಡಿಸಿದರೆ ಬಯೋಸ್ಟ್ಯಾಟಿಸ್ಟಿಕ್ಸ್. ಬೆಂಗಳೂರಿನ ಕ್ಲಿನಿಕಲ್ ರಿಸರ್ಚ್ ಕಂಪನಿಗಳಲ್ಲಿ ಎರಡು ಮೂರು ವರ್ಷ ಎಸ್‌ಎಎಸ್ ಪ್ರೋಗ್ರಾಮಿಂಗ್ ಮಾಡಿದವರು ತಮ್ಮ ಅನುಭವ ಲೆಕ್ಕಕ್ಕೆ ಬರುವುದಿಲ್ಲವೆಂದು ಭಾವಿಸಿರುತ್ತಾರೆ. ಬಯೋಸ್ಟ್ಯಾಟಿಸ್ಟಿಕ್ಸ್ ವಿಭಾಗದಲ್ಲಿ ಅದು ಖಂಡಿತ ಲೆಕ್ಕಕ್ಕೆ ಬರುತ್ತದೆ, ಗಣಿತ ಗಟ್ಟಿಯಾಗಿದ್ದರೆ.

ಭಾರತೀಯರು ಗಮನಿಸಲೇಬೇಕಾದ ಒಂದು ಸಂಗತಿ: ಬಯೋಸ್ಟ್ಯಾಟಿಸ್ಟಿಕ್ಸ್ ವಿಭಾಗಗಳಿಗೆ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಿಂದ ಬರುವ ಟಿ32 ಎಂಬ ತರಬೇತಿ ಅನುದಾನ ಅಲ್ಲಿನ ಪೌರರಿಗೂ ಕಾಯಂ ನಿವಾಸಿಗಳಿಗೂ ಮಾತ್ರ. ಬಹುಪಾಲು ವಿದ್ಯಾರ್ಥಿಗಳನ್ನು ಆ ಹಣದಿಂದಲೇ ಸಾಕುವ ವಿಭಾಗದಲ್ಲಿ ವಿದೇಶಿಯರಿಗೆ ಉಳಿಯುವ ಜಾಗ ಕಡಿಮೆ. ವಿಭಾಗದ ಕಚೇರಿಗೆ ನೇರವಾಗಿ ಬರೆದು, ವಿದೇಶಿ ವಿದ್ಯಾರ್ಥಿಗಳಿಗೆ ಯಾವ ಮೂಲದಿಂದ ಹಣ ಕೊಡುತ್ತೀರಿ ಎಂದು ಕೇಳಿ. ಇದರಲ್ಲಿ ಸಂಕೋಚ ಬೇಡ. ಅವರಿಗೆ ಈ ಪ್ರಶ್ನೆ ಹೊಸದಲ್ಲ.

ಮಿಶಿಗನ್, ವಾಷಿಂಗ್ಟನ್, ಹಾರ್ವರ್ಡ್, ಕೊಲಂಬಿಯಾದಂಥ ಕಡೆ ಎರಡೂ ವಿಭಾಗಗಳಿವೆ. ಒಂದೇ ವರ್ಷದಲ್ಲಿ ಎರಡಕ್ಕೂ ಅರ್ಜಿ ಹಾಕಬಹುದೇ ಎಂಬ ನಿಯಮ ಒಂದೊಂದು ಕಡೆ ಒಂದೊಂದು ಥರ. ಮೊದಲೇ ನೋಡಿಕೊಳ್ಳಿ.

ಹಂತ 3: ವಿಷಯದ ಜಾಡು ಹಿಡಿದು ಉದ್ದ ಪಟ್ಟಿ ಮಾಡಿ

ಈಗ ಇಪ್ಪತ್ತೈದು ಮೂವತ್ತು ಹೆಸರಿನ ಒರಟು ಪಟ್ಟಿ ಬೇಕು. ನಿಮ್ಮ ಎಂ.ಎಸ್ಸಿ. ಪ್ರಾಜೆಕ್ಟಿನ ವಿಷಯದಿಂದಲೋ ಇಷ್ಟವಾದ ಪತ್ರಿಕೆಯಿಂದಲೋ ಶುರುಮಾಡಿ. ಆನಲ್ಸ್ ಆಫ್ ಸ್ಟ್ಯಾಟಿಸ್ಟಿಕ್ಸ್, ಬಯೋಮೆಟ್ರಿಕಾ, ಬಯೋಮೆಟ್ರಿಕ್ಸ್, ಮಹಾಲನೋಬಿಸ್ ಅವರು 1933ರಲ್ಲಿ ಆರಂಭಿಸಿದ ನಮ್ಮದೇ ‘ಸಾಂಖ್ಯ’ — ಇವುಗಳ ಈಚಿನ ಸಂಚಿಕೆಗಳನ್ನು ತಿರುವಿ, ಅರ್ಥವಾಗುವಂಥ ಮತ್ತು ಕುತೂಹಲ ಕೆರಳಿಸುವಂಥ ಲೇಖನಗಳ ಲೇಖಕರು ಯಾವ ವಿಭಾಗದವರೆಂದು ಬರೆದುಕೊಳ್ಳಿ. ಲೇಖನ ಪೂರ್ತಿ ಅರ್ಥವಾಗಬೇಕಿಲ್ಲ. ಪೀಠಿಕೆ ಓದಿ ಸಮಸ್ಯೆ ಏನೆಂದು ತಿಳಿದರೆ ಸಾಕು.

ಹೀಗೆ ಹುಡುಕುತ್ತಾ ಹೋದರೆ ಪ್ರತಿ ವಿಭಾಗಕ್ಕೂ ಒಂದು ಸ್ವಭಾವ ಇರುವುದು ಗೊತ್ತಾಗುತ್ತದೆ. ಬರ್ಕ್ಲಿಗೆ 1938ರಲ್ಲಿ ಜೆರ್ಸಿ ನೇಮನ್ ಬಂದ ಮೇಲೆ ಅದು ಸಿದ್ಧಾಂತದ ದೊಡ್ಡ ನೆಲೆಯಾಯಿತು. ರ‍್ಯಾಂಡಮ್ ಫಾರೆಸ್ಟ್ ಎಂಬ ವಿಧಾನವನ್ನು 2001ರಲ್ಲಿ ಮುಂದಿಟ್ಟ ಲಿಯೋ ಬ್ರೈಮನ್ ಕೂಡ ಅಲ್ಲಿಯವರೇ. ಸ್ಟ್ಯಾನ್‌ಫರ್ಡ್‌ನಲ್ಲಿ 1979ರಲ್ಲಿ ಬ್ರಾಡ್ಲಿ ಎಫ್ರಾನ್ ಬೂಟ್‌ಸ್ಟ್ರಾಪ್ ವಿಧಾನ ಕೊಟ್ಟರು. ಶಿಕಾಗೊ ಗಣಿತದಲ್ಲಿ ಬಿಗಿ. ಡ್ಯೂಕ್‌ನ ವಿಭಾಗ ಬೇಸಿಯನ್ ವಿಧಾನಗಳಿಗೆ ಹೆಸರುವಾಸಿ. ಕಾರ್ನೆಗಿ ಮೆಲನ್‌ನಲ್ಲಿ ಸಂಖ್ಯಾಶಾಸ್ತ್ರ ಮತ್ತು ಮಷೀನ್ ಲರ್ನಿಂಗ್ ಎರಡನ್ನೂ ಸೇರಿಸಿ ಪಿಎಚ್.ಡಿ. ಮಾಡಬಹುದು. ಸಮೀಕ್ಷೆ, ಮಾದರಿ ಆಯ್ಕೆಯ ವಿಷಯದಲ್ಲಿ ಆಸಕ್ತಿಯಿದ್ದರೆ ಐಯೋವಾ ಸ್ಟೇಟ್ ನೋಡಿ. 1933ರಲ್ಲಿ ಸ್ನೆಡೆಕರ್ ಅಲ್ಲಿ ಸ್ಟ್ಯಾಟಿಸ್ಟಿಕಲ್ ಲ್ಯಾಬೊರೇಟರಿ ಕಟ್ಟಿದಾಗಿನಿಂದ ಕೃಷಿ ಮತ್ತು ಸಮೀಕ್ಷೆಯ ಕೆಲಸ ಅಲ್ಲಿ ಬಿಟ್ಟಿಲ್ಲ. ನಾರ್ತ್ ಕೆರೊಲಿನಾ ಸ್ಟೇಟ್‌ನ ವಿಭಾಗವನ್ನು 1941ರಲ್ಲಿ ಕಟ್ಟಿದವರು ಗರ್ಟ್ರೂಡ್ ಕಾಕ್ಸ್. ಅದು ಗಾತ್ರದಲ್ಲಿ ದೊಡ್ಡದು, ಸಿದ್ಧಾಂತ ಮತ್ತು ಅನ್ವಯ ಎರಡೂ ಸಿಗುತ್ತವೆ. ಕ್ಲಿನಿಕಲ್ ಟ್ರಯಲ್‌ಗಳನ್ನು ಬೇಸಿಯನ್ ರೀತಿಯಲ್ಲಿ ರೂಪಿಸುವುದು ಇಷ್ಟವೆಂದರೆ ಹ್ಯೂಸ್ಟನ್‌ನ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದ ಕೆಲಸ ಓದಿ, ಪಕ್ಕದ ರೈಸ್ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರ ವಿಭಾಗವನ್ನೂ ನೋಡಿ. ಹೃದಯರೋಗದ ಕಾರಣಗಳನ್ನು 1948ರಿಂದ ಹಿಂಬಾಲಿಸುತ್ತಿರುವ ಫ್ರೇಮಿಂಗ್‌ಹ್ಯಾಮ್ ಅಧ್ಯಯನಕ್ಕೂ ಬೋಸ್ಟನ್ ವಿಶ್ವವಿದ್ಯಾಲಯಕ್ಕೂ ಹಳೆಯ ಸಂಬಂಧ.

ನಮ್ಮ ಹೂವಿನ ಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ. ಆರ್. ರಾವ್ ಅವರ ಹೆಸರು ಕ್ರಾಮೇರ್–ರಾವ್ ಅಸಮತೆ, ರಾವ್–ಬ್ಲ್ಯಾಕ್‌ವೆಲ್ ಪ್ರಮೇಯಗಳಲ್ಲಿ ನೀವು ಓದಿದ್ದೀರಿ. ಅವರು ಕೋಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ (ಐಎಸ್‌ಐ) ದಶಕಗಳ ಕಾಲ ದುಡಿದು, ಆಮೇಲೆ ಅಮೆರಿಕಕ್ಕೆ ಹೋಗಿ ಪೆನ್ ಸ್ಟೇಟ್‌ನಲ್ಲಿ ಕೆಲಸ ಮಾಡಿದರು. 2023ರಲ್ಲಿ ಅಂತಾರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಬಂದ ವರ್ಷವೇ ತೀರಿಕೊಂಡರು. ಅವರ ಕೆಲಸದ ಜಾಡು ಹಿಡಿದರೂ ಎಷ್ಟೋ ವಿಭಾಗಗಳ ಪರಿಚಯವಾಗುತ್ತದೆ.

ಒಬ್ಬರೇ ಪ್ರಾಧ್ಯಾಪಕರನ್ನು ನಂಬಿ ಒಂದು ವಿಭಾಗವನ್ನು ಪಟ್ಟಿಗೆ ಹಾಕಬೇಡಿ. ಅವರು ನಿವೃತ್ತರಾಗಬಹುದು, ಬೇರೆ ಕಡೆ ಹೋಗಬಹುದು, ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳದೆ ಇರಬಹುದು. ನೀವು ಸಂತೋಷವಾಗಿ ಕೆಲಸ ಮಾಡಬಲ್ಲಿರಿ ಎನಿಸುವ ಮೂವರಾದರೂ ಅಲ್ಲಿರಬೇಕು. ಇಲ್ಲದಿದ್ದರೆ ಎಷ್ಟೇ ದೊಡ್ಡ ಹೆಸರಾದರೂ ಹೊಡೆದುಹಾಕಿ.

ಪ್ರಾಧ್ಯಾಪಕರಿಗೆ ಮೊದಲೇ ಇಮೇಲ್ ಹಾಕಬೇಕೇ ಎಂದು ಎಲ್ಲರೂ ಕೇಳುತ್ತಾರೆ. ಅಮೆರಿಕದ ಸಂಖ್ಯಾಶಾಸ್ತ್ರ ವಿಭಾಗಗಳಲ್ಲಿ ಆಯ್ಕೆ ಮಾಡುವುದು ಸಾಮಾನ್ಯವಾಗಿ ಸಮಿತಿ. ಮಾರ್ಗದರ್ಶಕರು ನಿಗದಿಯಾಗುವುದು ಒಂದೆರಡು ವರ್ಷದ ಮೇಲೆ. ಹಾಗಾಗಿ ನೂರು ಜನರಿಗೆ ಒಂದೇ ಪತ್ರ ಕಳಿಸುವುದರಿಂದ ಪ್ರಯೋಜನವಿಲ್ಲ. ಅಲ್ಲಿ ಈಗ ಓದುತ್ತಿರುವ ಭಾರತೀಯ ವಿದ್ಯಾರ್ಥಿಗಳಿಗೆ ಎರಡು ಸಾಲು ಬರೆಯಿರಿ. ವಿಭಾಗದ ಜಾಲತಾಣದಲ್ಲಿ ಅವರ ವಿಳಾಸ ಇರುತ್ತದೆ, ಬಹಳ ಮಂದಿ ಪ್ರೀತಿಯಿಂದ ಉತ್ತರಿಸುತ್ತಾರೆ. ಎಷ್ಟು ಜನ ಅರ್ಧಕ್ಕೇ ಬಿಟ್ಟರು, ಅರ್ಹತಾ ಪರೀಕ್ಷೆ ಹೇಗಿರುತ್ತದೆ, ಮುಗಿಸಲು ಸಾಮಾನ್ಯವಾಗಿ ಎಷ್ಟು ವರ್ಷ ಹಿಡಿಯುತ್ತದೆ ಎಂದು ಕೇಳಿ.

ಹಂತ 4: ವಿದ್ಯಾರ್ಥಿಗಳ ಪುಟವನ್ನೂ ಹಳೆಯವರ ಪಟ್ಟಿಯನ್ನೂ ಓದಿ

ವಿಭಾಗವನ್ನು ಅದರ ಪ್ರಾಧ್ಯಾಪಕರ ಪುಟಕ್ಕಿಂತ ವಿದ್ಯಾರ್ಥಿಗಳ ಪುಟ ಚೆನ್ನಾಗಿ ಪರಿಚಯಿಸುತ್ತದೆ. ಅಲ್ಲಿರುವ ಭಾರತೀಯರೆಲ್ಲ ಐಎಸ್‌ಐ ಅಥವಾ ಐಐಟಿಯಿಂದ ಬಂದವರೇ, ಇಲ್ಲ ರಾಜ್ಯ ವಿಶ್ವವಿದ್ಯಾಲಯಗಳವರೂ ಇದ್ದಾರೆಯೇ ನೋಡಿ. ನಿಮ್ಮಂಥ ಹಿನ್ನೆಲೆಯವರನ್ನು ಹಿಂದೆ ತೆಗೆದುಕೊಂಡು ಅವರು ಚೆನ್ನಾಗಿ ಓದಿದ್ದರೆ ಸಮಿತಿಗೆ ನಿಮ್ಮ ವಿಶ್ವವಿದ್ಯಾಲಯದ ಹೆಸರು ಅಪರಿಚಿತವಾಗಿರುವುದಿಲ್ಲ. ಪದವಿ ಪಡೆದವರು ಎಲ್ಲಿಗೆ ಹೋದರೆಂಬ ಪಟ್ಟಿಯನ್ನೂ ಹುಡುಕಿ. ನಿಮಗೆ ಅಧ್ಯಾಪಕರಾಗುವ ಮನಸ್ಸಿದ್ದು, ಅಲ್ಲಿಂದ ಹೊರಬಂದವರೆಲ್ಲ ಔಷಧಿ ಕಂಪನಿ, ಟೆಕ್ ಕಂಪನಿ ಸೇರಿದ್ದರೆ ಒಮ್ಮೆ ಯೋಚಿಸಿ. ಕಂಪನಿ ಕೆಲಸವೇ ಗುರಿಯಾದರೆ ಅದೇ ಪಟ್ಟಿ ನಿಮಗೆ ಅನುಕೂಲ.

ಹಂತ 5: ಹಣದ ಲೆಕ್ಕ

ಸಂಖ್ಯಾಶಾಸ್ತ್ರದ ಪಿಎಚ್.ಡಿ.ಗೆ ಕೈಯಿಂದ ಶುಲ್ಕ ಕಟ್ಟಬಾರದು. ಟೀಚಿಂಗ್ ಅಥವಾ ರಿಸರ್ಚ್ ಅಸಿಸ್ಟೆಂಟ್‌ಶಿಪ್ ಕೊಟ್ಟು, ಬೋಧನಾ ಶುಲ್ಕ ಮನ್ನಾ ಮಾಡಿ, ತಿಂಗಳ ಸ್ಟೈಪೆಂಡ್ ಕೊಡುವುದು ಅಲ್ಲಿನ ರೂಢಿ. ಪ್ರವೇಶ ಕೊಟ್ಟು ಹಣ ಕೊಡುವುದಿಲ್ಲ ಎಂದರೆ ಒಪ್ಪಬೇಡಿ. ಮನೆ ಅಡವಿಟ್ಟು ಮಾಡುವ ಪಿಎಚ್.ಡಿ. ಇದಲ್ಲ.

ಸ್ಟೈಪೆಂಡ್ ಒಂಬತ್ತು ತಿಂಗಳಿಗೋ ಹನ್ನೆರಡಕ್ಕೋ, ಆರೋಗ್ಯ ವಿಮೆ ಸೇರಿದೆಯೇ, ಮನ್ನಾ ಆಗದೆ ಉಳಿಯುವ ವಿದ್ಯಾರ್ಥಿ ಶುಲ್ಕ ಎಷ್ಟು, ಎಷ್ಟು ವರ್ಷಕ್ಕೆ ಬರವಣಿಗೆಯಲ್ಲಿ ಖಾತ್ರಿ ಕೊಡುತ್ತಾರೆ ಎಂಬ ನಾಲ್ಕು ಪ್ರಶ್ನೆಗೆ ಉತ್ತರ ಬೇಕು. ಊರು ಊರಿಗೆ ಬಾಡಿಗೆ ಬೇರೆ. ಎಂಐಟಿಯ ಲಿವಿಂಗ್ ವೇಜ್ ಕ್ಯಾಲ್ಕ್ಯುಲೇಟರ್‌ನಲ್ಲಿ ಆ ಊರಿನ ಖರ್ಚು ನೋಡಿ ಹೋಲಿಸಿ. ಐಯೋವಾದ ಏಮ್ಸ್ ಊರಲ್ಲಿ ನೆಮ್ಮದಿಯಾಗಿ ಸಾಕಾಗುವ ಮೊತ್ತ ಕ್ಯಾಲಿಫೋರ್ನಿಯಾದಲ್ಲಿ ಬಾಡಿಗೆಗೇ ಕರಗಬಹುದು.

ಹಂತ 6: ಈಗ ರ‍್ಯಾಂಕಿಂಗ್ ನೋಡಿ, ಪಟ್ಟಿ ಇಳಿಸಿ

ಯು.ಎಸ್. ನ್ಯೂಸ್ ಪತ್ರಿಕೆಯ ಸಂಖ್ಯಾಶಾಸ್ತ್ರ ರ‍್ಯಾಂಕಿಂಗ್ ನಿಂತಿರುವುದು ಬೇರೆ ಬೇರೆ ವಿಭಾಗಗಳ ಪ್ರಾಧ್ಯಾಪಕರು ಪರಸ್ಪರ ಕೊಟ್ಟ ಅಂಕಗಳ ಮೇಲೆ. ಅದು ಹೆಸರಿನ ಅಳತೆ. ನಿಮ್ಮ ವಿಷಯದಲ್ಲಿ ಆ ವಿಭಾಗ ಹೇಗೆ, ವಿದ್ಯಾರ್ಥಿಗಳನ್ನು ಹೇಗೆ ನೋಡಿಕೊಳ್ಳುತ್ತದೆ ಎಂಬುದು ಅದರಲ್ಲಿ ಕಾಣುವುದಿಲ್ಲ. ಎಂಟನೆಯ ಸ್ಥಾನಕ್ಕೂ ಹದಿನೈದನೆಯದಕ್ಕೂ ವ್ಯತ್ಯಾಸ ಹುಡುಕಬೇಡಿ. ಪ್ರವೇಶ ಎಷ್ಟು ಕಷ್ಟ ಎಂದು ಸ್ಥೂಲವಾಗಿ ಅಂದಾಜು ಮಾಡಲು ಮಾತ್ರ ಬಳಸಿ.

ಅಂತಿಮ ಪಟ್ಟಿಗೆ ಎಂಟರಿಂದ ಹನ್ನೆರಡು ಹೆಸರು ಸಾಕು. ಸ್ಟ್ಯಾನ್‌ಫರ್ಡ್, ಬರ್ಕ್ಲಿ, ಹಾರ್ವರ್ಡ್, ಶಿಕಾಗೊದಂಥ ಕಡೆ ಯಾರಿಗೂ ಖಾತ್ರಿಯಿಲ್ಲ, ಐಎಸ್‌ಐನ ಮೊದಲ ಸ್ಥಾನದವರಿಗೂ ಇಲ್ಲ. ಅಂಥವು ಎರಡು ಮೂರು ಇರಲಿ. ನಿಮ್ಮ ಗಣಿತಕ್ಕೂ ಆಸಕ್ತಿಗೂ ಸರಿಹೊಂದುವ ವಿಭಾಗಗಳು ಐದಾರು, ಇದೇ ಪಟ್ಟಿಯ ಬೆನ್ನೆಲುಬು. ಪರ್ಡ್ಯೂ, ಓಹಿಯೋ ಸ್ಟೇಟ್, ಮಿಶಿಗನ್ ಸ್ಟೇಟ್, ಟೆಕ್ಸಾಸ್ ಎ ಅಂಡ್ ಎಂ, ಕನೆಕ್ಟಿಕಟ್, ಫ್ಲಾರಿಡಾ ಸ್ಟೇಟ್, ಮಿಸ್ಸೌರಿ; ಬಯೋಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಎಮೊರಿ, ಮಿನ್ನೆಸೋಟ, ಪಿಟ್ಸ್‌ಬರ್ಗ್, ವಾಂಡರ್‌ಬಿಲ್ಟ್ — ಇವನ್ನು ಒಂದೊಂದಾಗಿ ತೆರೆದು ಓದಿ. ಇವುಗಳಲ್ಲಿ ಕೆಲವು ಸುಲಭ, ಕೆಲವು ಬಹಳ ಕಠಿಣ. ಯಾವುದು ಯಾವ ಗುಂಪಿಗೆ ಎಂಬುದು ನಿಮ್ಮ ಅಂಕಪಟ್ಟಿಯ ಮೇಲೆ ಹೋಗುತ್ತದೆ. ಕೊನೆಗೆ ಸಿಗುವ ಸಂಭವ ಹೆಚ್ಚಿರುವ ಎರಡು ಮೂರು. ಈ ಗುಂಪಿನಲ್ಲಿ ಕೂಡ, ಅದೊಂದೇ ಸಿಕ್ಕರೆ ನಿಜವಾಗಿ ಹೋಗುತ್ತೀರಾ ಎಂದು ಕೇಳಿಕೊಳ್ಳಿ. ಹೋಗುವುದಿಲ್ಲವಾದರೆ ಶುಲ್ಕ ಉಳಿಸಿ.

ಅರ್ಜಿ ಶುಲ್ಕ ಹೆಚ್ಚಿನ ಕಡೆ 75ರಿಂದ 150 ಡಾಲರ್. ಹತ್ತು ಅರ್ಜಿ, ಇಂಗ್ಲಿಷ್ ಪರೀಕ್ಷೆ, ಅಂಕಪಟ್ಟಿ ಕಳಿಸುವ ಖರ್ಚು ಎಲ್ಲ ಸೇರಿ ಲಕ್ಷ ರೂಪಾಯಿ ದಾಟಬಹುದು. ಶುಲ್ಕ ವಿನಾಯಿತಿ ಇದೆಯೇ ಎಂದು ಪ್ರತಿ ವಿಭಾಗಕ್ಕೂ ಬರೆದು ಕೇಳಿ. ಕೇಳಿದವರಿಗೆ ಕೆಲವೊಮ್ಮೆ ಸಿಗುತ್ತದೆ.

ಹಂತ 7: ಪರೀಕ್ಷೆ, ಪತ್ರ, ದಾಖಲೆ

ಜಿಆರ್‌ಇ ಈಗ ಅನೇಕ ವಿಭಾಗಗಳಲ್ಲಿ ಕಡ್ಡಾಯವಲ್ಲ, ಕೆಲವೆಡೆ ಕಳಿಸಿದರೂ ನೋಡುವುದಿಲ್ಲ. ಪಟ್ಟಿ ಸಿದ್ಧವಾದ ಮೇಲೆ ಬೇಕೋ ಬೇಡವೋ ನಿರ್ಧರಿಸಿ. ಟೋಫೆಲ್ ಅಥವಾ ಐಇಎಲ್‌ಟಿಎಸ್ ಅಂಕಕ್ಕೆ ಎರಡು ವರ್ಷ ಆಯಸ್ಸು. ಪಾಠ ಹೇಳುವ ಕೆಲಸ ಸಿಗಬೇಕಾದರೆ ಮಾತಿನ ವಿಭಾಗದಲ್ಲಿ ಒಳ್ಳೆಯ ಅಂಕ ಬೇಕಾಗುತ್ತದೆ. ಶಿಫಾರಸು ಪತ್ರ ಸಾಮಾನ್ಯವಾಗಿ ಮೂರು. ವಿಭಾಗದ ಮುಖ್ಯಸ್ಥರ ದೊಡ್ಡ ಹುದ್ದೆಗಿಂತ, ನಿಮ್ಮ ಪ್ರಾಜೆಕ್ಟ್ ನೋಡಿದ, ನಿಮ್ಮ ಜೊತೆ ಬೋರ್ಡಿನ ಮುಂದೆ ನಿಂತು ವಾದಿಸಿದ ಮೇಷ್ಟ್ರು ಬರೆದ ಪತ್ರ ಹೆಚ್ಚು ಕೆಲಸ ಮಾಡುತ್ತದೆ. ಅವರಿಗೆ ಸೆಪ್ಟೆಂಬರ್‌ನಲ್ಲೇ ಹೇಳಿ. ನಿಮ್ಮ ಪಟ್ಟಿಯನ್ನೂ ತೋರಿಸಿ, ಅವರ ಅಭಿಪ್ರಾಯ ಕೇಳಿ. ವಿಶ್ವವಿದ್ಯಾಲಯದಿಂದ ಮೊಹರು ಹಾಕಿದ ಅಂಕಪಟ್ಟಿ ಪಡೆಯಲು ವಾರಗಳೇ ಹಿಡಿಯಬಹುದು. ಅದಕ್ಕೆ ಅಕ್ಟೋಬರ್‌ನಲ್ಲೇ ಅರ್ಜಿ ಕೊಟ್ಟಿರಿ.

ಹಂತ 8: ಇಲ್ಲಿಯ ಬಾಗಿಲುಗಳನ್ನೂ ತಟ್ಟಿ

ಅಮೆರಿಕದ ಪಟ್ಟಿಯ ಜೊತೆಗೇ ಭಾರತದ ಪಟ್ಟಿಯೂ ಇರಲಿ. ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಜಗತ್ತಿನ ಯಾವ ವಿಭಾಗದ ಪಕ್ಕದಲ್ಲೂ ತಲೆಯೆತ್ತಿ ನಿಲ್ಲುವಂಥದ್ದು; ಬೆಂಗಳೂರಿನ ಮೈಸೂರು ರಸ್ತೆಯಲ್ಲೇ ಅದರ ಕೇಂದ್ರವಿದೆ. ನಿಮ್ಹಾನ್ಸ್‌ನಲ್ಲಿ ಬಯೋಸ್ಟ್ಯಾಟಿಸ್ಟಿಕ್ಸ್ ವಿಭಾಗವಿದೆ, ಮಾನಸಿಕ ಆರೋಗ್ಯದ ದತ್ತಾಂಶದ ಜೊತೆ ಅಷ್ಟು ಹತ್ತಿರದಿಂದ ಕೆಲಸ ಮಾಡುವ ಅವಕಾಶ ಹೊರದೇಶದಲ್ಲೂ ಅಪರೂಪ. ಹೊರದೇಶವೆಂದರೆ ಅಮೆರಿಕ ಒಂದೇ ಅಲ್ಲ, ಕೆನಡಾದ ವಾಟರ್‌ಲೂ, ಟೊರಾಂಟೊ, ಮೆಕ್‌ಗಿಲ್ ಕೂಡ ನೋಡುವಂಥವು.

ಹಂತ 9: ಉತ್ತರ ಬಂದಾಗ

ಫೆಬ್ರವರಿಯಿಂದ ಉತ್ತರಗಳು ಬರತೊಡಗುತ್ತವೆ. ಅಮೆರಿಕದ ಬಹಳಷ್ಟು ವಿಶ್ವವಿದ್ಯಾಲಯಗಳು ಒಂದು ಸಾಮಾನ್ಯ ಒಪ್ಪಂದಕ್ಕೆ ಸಹಿ ಹಾಕಿವೆ: ಹಣಸಹಾಯದ ಪ್ರಸ್ತಾವಕ್ಕೆ ಉತ್ತರಿಸಲು ಏಪ್ರಿಲ್ 15ರ ತನಕ ವಿದ್ಯಾರ್ಥಿಗೆ ಕಾಲಾವಕಾಶ ಕೊಡಬೇಕು. ಅದಕ್ಕೂ ಮುಂಚೆ ತೀರ್ಮಾನಿಸಿ ಎಂದು ಯಾರಾದರೂ ಅವಸರಪಡಿಸಿದರೆ ಆ ಒಪ್ಪಂದದ ಪಟ್ಟಿಯಲ್ಲಿ ಅವರ ಹೆಸರಿದೆಯೇ ನೋಡಿ. ಎರಡು ಮೂರು ಕಡೆ ಸಿಕ್ಕರೆ ಅಲ್ಲಿಯ ವಿದ್ಯಾರ್ಥಿಗಳ ಜೊತೆ ಫೋನಿನಲ್ಲಿ ಮಾತಾಡಿ, ಹಣದ ಪತ್ರವನ್ನು ಸಾಲು ಸಾಲಾಗಿ ಓದಿ, ಆಮೇಲೆ ಆಯ್ದುಕೊಳ್ಳಿ.

ಒಂದು ಕೋರಿಕೆ. ಖಂಡಿತ ಹೋಗುವುದಿಲ್ಲ ಎಂದು ಗೊತ್ತಾದ ವಿಭಾಗಕ್ಕೆ ಅಂದೇ ಬರೆದು ತಿಳಿಸಿ, ಏಪ್ರಿಲ್ 15ರ ತನಕ ಹಿಡಿದುಕೊಳ್ಳಬೇಡಿ. ನೀವು ಬಿಟ್ಟ ಸ್ಥಾನ ಕಾಯುವ ಪಟ್ಟಿಯಲ್ಲಿರುವ ಇನ್ನೊಬ್ಬರಿಗೆ ಹೋಗುತ್ತದೆ. ಅವರು ಧಾರವಾಡದಲ್ಲೋ ಮೈಸೂರಿನಲ್ಲೋ ನಿಮ್ಮಂತೆಯೇ ದಿನಾ ಇಮೇಲ್ ನೋಡುತ್ತಿರುವವರಾಗಿರಬಹುದು.